ಖಾಲಿ ಬಸ್ಸನ್ನು ಮೊದಲು ಯಾರು ಹತ್ತಬೇಕು?

ಹೊಳಲ್ಕೆರೆ ದಾರಿಯ ನಮ್ಮೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಖಾಸಗಿ ಬಸ್ಸುಗಳ ವೇಳೆಯನ್ನು ಕಡತದಲ್ಲಿ ಬರೆದು, ಆ ಕಡತವನ್ನು ಕಪಾಟಿಗೆ ಸೇರಿಸಿ, ಕಪಾಟಿನ ಮೇಲೆ ಹೂದಾನಿ ಇಟ್ಟು ಮರೆತವರೇ ನನ್ನ ಕೆಲಸವನ್ನು ಕಳೆದವರು. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿಯದು. ಹೇಳುವ ಮನಸ್ಸೂ ಇಲ್ಲ.

ಅಂದು ಹನ್ನೊಂದು ಗಂಟೆಗೆ ದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರ ಹುದ್ದೆಗಾಗಿ ನಾನು ಡೆಮೊ ಪಾಠ ಮಾಡಬೇಕಿತ್ತು. ಇದ್ದದ್ದು ಒಂದೇ ಹುದ್ದೆ. ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತವಳಿಗೆ ಬಂದ ಮೊದಲ ಕರೆ ಅದು. ಪಾಠದ ವಿಷಯ ಗೇಮ್ ಥಿಯರಿ: ಎದುರಿನವರು ಏನು ಮಾಡಬಹುದೆಂದು ಊಹಿಸಿ ನಮ್ಮ ಹೆಜ್ಜೆಯನ್ನು ನಿರ್ಧರಿಸುವ ಶಾಸ್ತ್ರ. ಈ ವಾಕ್ಯವನ್ನು ಕನ್ನಡಿಯ ಮುಂದೆ ಹಲವು ಸಲ ಹೇಳಿಕೊಂಡಿದ್ದೆ.

ಒಂಬತ್ತಕ್ಕೆ ನಿಲ್ದಾಣಕ್ಕೆ ಬಂದಾಗ ಒಂದು ಕೆಂಪು ಬಸ್ಸು, ಒಂದು ನೀಲಿ ಬಸ್ಸು ನಿಂತಿದ್ದವು. ಎರಡೂ ಖಾಲಿ. ಜನರೆಲ್ಲ ಟೀ ಅಂಗಡಿಯ ಮುಂದಿದ್ದರು. ನಮ್ಮಲ್ಲಿ ಬಸ್ಸು ಹೊರಡುವುದು ಸೀಟು ತುಂಬಿದಾಗ. ಯಾವುದು ಮೊದಲು ತುಂಬುತ್ತದೆಯೋ ಅದು ಮೊದಲು ಹೊರಡುತ್ತದೆ. ಆದ್ದರಿಂದ ಬುದ್ಧಿ ಇರುವವರು ಖಾಲಿ ಬಸ್ಸು ಹತ್ತುವುದಿಲ್ಲ, ಬೇರೆಯವರು ಹತ್ತಿದ್ದನ್ನು ಹತ್ತುತ್ತಾರೆ. ಅಂದು ಅಲ್ಲಿದ್ದವರೆಲ್ಲರಿಗೂ ಬುದ್ಧಿ ಇತ್ತು. ಎಲ್ಲರೂ ಎರಡನೇ ಟೀ ಕುಡಿಯುತ್ತಿದ್ದರು.

ವಿದ್ಯೆ ಸುಮ್ಮನಿರಲು ಬಿಡಲಿಲ್ಲ. "ಯಾವುದಾದರೂ ಸರಿ, ಎಲ್ಲರೂ ಒಟ್ಟಿಗೆ ಒಂದೇ ಬಸ್ಸು ಹತ್ತಿದರೆ ಹತ್ತು ನಿಮಿಷಕ್ಕೆ ಹೊರಡುತ್ತೇವೆ. ಪರಸ್ಪರ ನಂಬಿಕೆ ಇಲ್ಲದ್ದರಿಂದ ಎಲ್ಲರೂ ಸೋಲುತ್ತಿದ್ದೇವೆ" ಎಂದು ವಿವರಿಸಿದೆ. ಪಂಚೆ ಉಟ್ಟ ಯಜಮಾನರೊಬ್ಬರು ಶ್ರದ್ಧೆಯಿಂದ ಕೇಳಿ ಹೇಳಿದರು:

"ಮಾತು ಖರೆ ಐತವ್ವ. ನೀನು ಮೊದ್ಲು ಹತ್ತು, ಆಮ್ಯಾಲೆ ನೋಡಾಣ."

ನಾನೂ ಹತ್ತಲಿಲ್ಲ. ನನ್ನ ಪಕ್ಕದಲ್ಲಿ ಆಕಳಿಸುತ್ತ ನಿಂತಿದ್ದ ತರುಣನೊಬ್ಬ ಮಾತ್ರ "ನಿದ್ದೆ ಬರ್ತೈತೆ" ಎಂದು ನೀಲಿ ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಪಾಪ ಎನಿಸಿತು.

ಅಷ್ಟರಲ್ಲಿ ಕೆಂಪು ಬಸ್ಸಿನ ಕಿಟಕಿಗಳಲ್ಲಿ ಒಂದೊಂದೇ ತಲೆ ಮೂಡತೊಡಗಿತು. ಎಣಿಸಿದೆ: ಒಂಬತ್ತು. ನೀಲಿಯಲ್ಲಿ ಒಂದೇ, ಅದೂ ನಿದ್ದೆಯಲ್ಲಿ. ಕೆಂಪು ಬಸ್ಸಿಗೆ ಜನರನ್ನು ಕೂಗುವ ಏಜೆಂಟ್ ಓಡಿಬಂದ.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ, ಈಗ ಬಿಟ್ವಿ ನೋಡ್ರಿ!" ಎನ್ನುತ್ತಲೇ ನನ್ನ ಅಂಕಪಟ್ಟಿಗಳಿದ್ದ ಚೀಲವನ್ನು ಹಿಂದಿನ ಡಿಕ್ಕಿಗೆ ಹಾಕಿ ಬೀಗ ಜಡಿದ. ನಾನು ಹತ್ತಿ ಕುಳಿತೆ.

ಪಕ್ಕದ ಸೀಟಿನಲ್ಲಿ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಅಜ್ಜಿ ಟೀಗೆ ಬನ್ನು ಅದ್ದಿ ತಿನ್ನುತ್ತಿದ್ದಳು. "ದುರ್ಗದಲ್ಲಿ ಎಲ್ಲಿಗೆ ಅಜ್ಜಿ?" ಎಂದೆ.

"ಯವ್ವಾ, ನಾನ್ಯಾಕೆ ದುರ್ಗಕ್ಕೋಗ್ಲಿ? ಕುರಿಗೆ ಔಷಧಿ ತಗಂಡೋಗಾಕೆ ಬಂದೀನಿ. ದನದಾಸ್ಪತ್ರೆ ಹತ್ತಕ್ಕೆ ತೆಗೀತಾರೆ. ಅಲ್ಲಿಗಂಟ ಇಲ್ಲಿ ಕುಂತ್ರೆ ಈ ಏಜೆಂಟಯ್ಯ ಟೀ ಕೊಡ್ತಾನೆ. ಬನ್ನು ನಾನೇ ಜಗಳ ಮಾಡಿ ಇಸ್ಕಂಡೆ."

"ಮತ್ತೆ ಇವರೆಲ್ಲ?"

"ಅವ್ರೂ ಕುರಿಯೋರೇ ಕಣವ್ವ."

ಹತ್ತು ಗಂಟೆಗೆ ಎದುರಿನ ಪಶು ಆಸ್ಪತ್ರೆಯ ಬಾಗಿಲು ತೆರೆಯಿತು. ಒಂಬತ್ತೂ ತಲೆಗಳು ಸಾಲಾಗಿ ಇಳಿದುಹೋದವು. ಅದನ್ನು ಕಂಡ ಟೀ ಅಂಗಡಿಯ ಜನರೆಲ್ಲ ನೀಲಿ ಬಸ್ಸಿಗೆ ನುಗ್ಗಿದರು. ನಾನೂ ಇಳಿದು ಚೀಲ ಕೇಳಿದೆ.

"ಕೀಲಿ ಡ್ರೈವರ್ ಹತ್ರ ಐತ್ರಿ. ತಿಂಡಿಗೆ ಹೋಗವ್ರೆ," ಎಂದ ಏಜೆಂಟ್. ಆಮೇಲೆ ದೈನ್ಯದಿಂದ, "ಅಕ್ಕಾರೆ, ನೀವೂ ಹೋದ್ರೆ ಖಾಲಿ ಬಸ್ಸು ಯಾರು ಹತ್ತಾರೆ ಹೇಳ್ರಿ?"

ಪ್ರಶ್ನೆ ಶಾಸ್ತ್ರಬದ್ಧವಾಗಿತ್ತು. ಎದುರಾಳಿ ಆಟ ಬಿಡದಂತೆ ಒತ್ತೆ ಇರಿಸಿಕೊಳ್ಳುವುದರ ಬಗ್ಗೆ ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಇವನು ಅದನ್ನು ಒಂದು ಬೀಗದಲ್ಲಿ ಮುಗಿಸಿದ್ದ. ಮಲಗಿದ್ದ ತರುಣನನ್ನು ಹೊತ್ತ ನೀಲಿ ಬಸ್ಸು ಹೊರಟಿತು. ಕೆಂಪು ಬಸ್ಸು ತುಂಬುವಷ್ಟರಲ್ಲಿ ಹನ್ನೊಂದು ದಾಟಿತ್ತು.

ಕಾಲೇಜು ತಲುಪಿ, ಏದುಸಿರಿನಲ್ಲೇ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ ತಡವಾದ ಕಾರಣ ಹೇಳಿದೆ: ಎರಡು ಬಸ್ಸು, ಟೀ ಅಂಗಡಿ, ಪರಸ್ಪರ ನಂಬಿಕೆ. ಅವರು ಕನ್ನಡಕ ತೆಗೆದರು.

"ಈ ಬಸ್ಸಿನ ಉದಾಹರಣೆ ಆಗ್ಲೇ ಒಬ್ರು ಕೊಟ್ರಮ್ಮ. ಬಹಳ ಚೆನ್ನಾಗಿತ್ತು. ಅವರನ್ನೇ ತಗೊಂಡ್ವಿ."

ಹೊರಗೆ ವರಾಂಡದಲ್ಲಿ ಅದೇ ತರುಣ ನಿಂತಿದ್ದ. ಈಗ ಪೂರ್ತಿ ಎಚ್ಚರವಾಗಿದ್ದ. "ಸ್ಟ್ಯಾಂಡಲ್ಲಿ ನೀವು ಹೇಳಿದ್ದು ಬಾಳ ಉಪಯೋಗ ಆತು ಮೇಡಂ," ಎಂದು ಕೈಮುಗಿದ. ಆ ಕೃತಜ್ಞತೆಯಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿತು.

ಅವನ ಮೇಲೆ ನನಗೆ ದೂರಿಲ್ಲ. ಏಜೆಂಟನ ಮೇಲೂ ಇಲ್ಲ. ಗಡಿಯಾರವಿಲ್ಲದ ಆಟದಲ್ಲಿ ಅವನು ಆಡಬೇಕಾದಂತೆಯೇ ಆಡಿದ. ಅಜ್ಜಿಯಂತೂ ಅಂದು ಆಡಿ ಗೆದ್ದ ಒಬ್ಬಳೇ ಆಟಗಾರ್ತಿ. ಪರವಾನಗಿಯಲ್ಲಿ ವೇಳೆ ನಮೂದಿಸಿಯೂ ಅದನ್ನು ಪಾಲಿಸುವಂತೆ ನೋಡಿಕೊಳ್ಳದ ಅಧಿಕಾರಸ್ಥರು ಮಾತ್ರ ಉತ್ತರ ಕೊಡಬೇಕು. ತುಂಬಲಿ, ಬಿಡಲಿ, ಒಂಬತ್ತೂಕಾಲಿಗೆ ಕೆಂಪು, ಒಂಬತ್ತೂವರೆಗೆ ನೀಲಿ ಹೊರಡುತ್ತದೆಂದು ಜನರಿಗೆ ಖಚಿತವಾದರೆ ಯಾರೂ ಯಾರ ತಲೆಯನ್ನೂ ಎಣಿಸಬೇಕಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ: ನಮ್ಮ ನಿಲ್ದಾಣದಲ್ಲಿ ಹೊರಡುವ ವೇಳೆಯ ಫಲಕವನ್ನು ಹಾಕಿಸಿ, ಅದರಂತೆ ಬಸ್ಸು ಬಿಡಿಸಲು ಒಬ್ಬರನ್ನು ನೇಮಿಸಿ, ಇಷ್ಟು ಕಾಲ ಏಕೆ ಮಾಡಲಿಲ್ಲವೆಂಬುದನ್ನು ಲಿಖಿತವಾಗಿ ತಿಳಿಸಿ. ಮುಂದಿನ ತಿಂಗಳು ಹಿರಿಯೂರಿನಲ್ಲಿ ನನಗೆ ಇನ್ನೊಂದು ಡೆಮೊ ಪಾಠವಿದೆ. ಉತ್ತರ ಅದಕ್ಕೂ ಮೊದಲು ತಲುಪಲಿ, ಮತ್ತು ದಯವಿಟ್ಟು ಅಂಚೆಯಲ್ಲೇ ಬರಲಿ. ಬಸ್ಸಿನಲ್ಲಿ ಕೊಟ್ಟು ಕಳುಹಿಸಬೇಡಿ.