ಬಾಯಲ್ಲಿ ಹುಳ ಹಿಡಿದ ಕಳ್ಳಿಪೀರ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೊ ಸ್ಟುಡಿಯೊ. ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳಲು ಬಂದವರೆಲ್ಲ ಮೊದಲು ನೋಡುವುದು ಗೋಡೆಯ ಮೇಲಿನ ಹಕ್ಕಿಯನ್ನು. ಗುಬ್ಬಿಯಷ್ಟು ಮೈಯ ಹಸಿರು ಕಳ್ಳಿಪೀರ, ಬಾಯಲ್ಲಿ ಏರೋಪ್ಲೇನ್ ಚಿಟ್ಟೆ, ರೆಕ್ಕೆ ಬಿಚ್ಚಿ ಗಾಳಿಯಲ್ಲಿ ಗಕ್ಕನೆ ನಿಂತಿದೆ. ‘ಹ್ಯಾಂಗ ತಗದ್ರಿ ಇದನ್ನ?’ ಎಂದು ಕೇಳುತ್ತಾರೆ. ‘ತಾಳ್ಮೆ ಬೇಕ್ರಿ’ ಎನ್ನುತ್ತೇನೆ.

ತಾಳ್ಮೆ ನನ್ನ ಹತ್ತಿರ ಎಂದೂ ಇರಲಿಲ್ಲ. ಮದುವೆಗಳಲ್ಲಿ ಮದುಮಕ್ಕಳನ್ನು ‘ಇತ್ತ ನೋಡ್ರಿ, ಗದ್ದ ಎತ್ರಿ’ ಎಂದು ಗದರಿಸಿ ನಿಲ್ಲಿಸಿಯೇ ಹೊಟ್ಟೆ ಹೊರೆದವನು. ಹಕ್ಕಿ ನನ್ನ ಮಾತು ಕೇಳಲಿಲ್ಲ. ಮುಶಿಗೇರಿಯ ಹಳ್ಳದ ದಂಡೆಯಲ್ಲಿ ಮೂರು ಬೇಸಿಗೆ ಬೆವರು ಸುರಿಸಿದೆ. ಕರೆಂಟಿನ ತಂತಿಯಿಂದ ಹಾರಿದ್ದು ಕಾಣುವಷ್ಟರಲ್ಲಿ ಅದು ಹುಳ ಹಿಡಿದು ತಿರುಗಿ ತಂತಿಯ ಮೇಲೆ ಕೂತಿರುತ್ತಿತ್ತು. ನನಗೆ ಸಿಕ್ಕಿದ್ದು ಅರ್ಧ ಬಾಲ, ಮಸುಕು ರೆಕ್ಕೆ, ಬರೀ ಆಕಾಶ. ರೋಣದ ಒಬ್ಬ ಫೋಟೊಗ್ರಾಫರ್ ಅವನ್ನೆಲ್ಲ ನೋಡಿ, ‘ಆಕಾಶ ಭಾಳ ಚಲೋ ಬಂದೈತಿ ಬಿಡ್ರಿ’ ಅಂದ. ಆ ಮಾತು ಹೊಟ್ಟೆಯೊಳಗೆ ಉಳಿದುಬಿಟ್ಟಿತು.

ದಂಡೆಯ ಕೆಂಪು ಮಸಾರಿ ಮಣ್ಣಿನಲ್ಲಿ ತೂತು ಕೊರೆದು ಕಳ್ಳಿಪೀರಗಳು ಗೂಡು ಮಾಡಿದ್ದವು. ಒಳಗೆ ಮರಿಗಳ ಸದ್ದು ಕೇಳುತ್ತಿತ್ತು. ತೂತು ಮುಚ್ಚಿದರೆ ತಾಯಿಹಕ್ಕಿ ಅದರ ಮುಂದೆ ಗಾಳಿಯಲ್ಲೇ ನಿಲ್ಲಬೇಕಾಗುತ್ತದೆ ಎಂದು ಒಂದು ದಿನ ಹೊಳೆಯಿತು. ಹೊಳೆದದ್ದಕ್ಕೆ ಹಿಗ್ಗಿದೆ, ಅದೂ ಖರೆ. ಮಸಾರಿ ಉದುರುತ್ತದೆಂದು ಪಕ್ಕದ ಹೊಲದ ಕರಿ ಎರೆ ಮಣ್ಣು ತಂದು, ಬಾಟಲಿ ನೀರಿನಲ್ಲಿ ಕಲಸಿ ಮೆತ್ತಿದೆ. ಹಕ್ಕಿ ಬಂತು, ಬಾಗಿಲು ಕಾಣದೆ ರೆಕ್ಕೆ ಬಡಿಯುತ್ತ ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಮೂರು ವರ್ಷ ಸಿಗದ ಫೋಟೊ ಹತ್ತು ನಿಮಿಷದಲ್ಲಿ ಸಿಕ್ಕಿತು.

ಅಷ್ಟರಲ್ಲಿ ಹೆಂಡತಿಯ ಫೋನು: ‘ಸಾಲಿ ಹುಡುಗ್ರು ಫೋಟೊಕ್ಕ ಬಂದು ನಿಂತಾವು, ಲಗೂ ಬರ್ರಿ.’ ಕ್ಯಾಮೆರಾದ ಪರದೆ ನೋಡುತ್ತಲೇ ಗಾಡಿ ಹತ್ತಿದೆ. ಮೆತ್ತಿದ ಮಣ್ಣು ತೆಗೆಯಲು ಮರೆತೆ ಎಂದರೆ ಅರ್ಧ ಸುಳ್ಳು. ಸಂಜೆ ನೆನಪಾಯಿತು, ತಾನಾಗಿಯೇ ಬಿದ್ದಿರುತ್ತದೆ ಅಂದುಕೊಂಡೆ. ಬೇಸಿಗೆಯ ಬಿಸಿಲಿಗೆ ಎರೆ ಮಣ್ಣು ಹೇಗಾಗುತ್ತದೆಂದು ಈ ನೆಲದಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರುದಿನ ನರಗುಂದದಲ್ಲಿ ಮದುವೆ ಇತ್ತು. ಮೂರನೆಯ ದಿನ ಹೋದೆ, ಅದೂ ಇನ್ನೊಂದು ಫೋಟೊ ಸಿಕ್ಕೀತೆಂಬ ಆಸೆಗೆ.

ಶೇಂಗಾ ಹೊಲದಲ್ಲಿ ಕಳೆ ಕೀಳಲು ಬಂದ ಹೆಣ್ಣುಮಗಳೊಬ್ಬಳು ಗೂಡಿನ ಮುಂದೆ ನಿಂತಿದ್ದಳು, ಕೈಯಲ್ಲಿ ಕಬ್ಬಿಣದ ಅಲಗಿನ ಕುರ್ಚಿಗಿ. ಕಲ್ಲಾಗಿದ್ದ ಮಣ್ಣನ್ನು ಅವಳೇ ಕೆತ್ತಿ ತೆಗೆದಿದ್ದಳು. ಒಳಗೆ ಸದ್ದಿರಲಿಲ್ಲ. ಇರುವೆಗಳು ಸಾಲಾಗಿ ಹೋಗಿ ಬರುತ್ತಿದ್ದವು.

‘ನಿನ್ನಿಯಿಂದ ಬಾಯಾಗ ಹುಳಾ ಹಿಡಕೊಂಡು ಇಲ್ಲೇ ಸುತ್ತಾಕ ಹತ್ತಿತ್ರಿ. ಯಾಕ ಅಂತ ಇವತ್ತ ಬಂದು ನೋಡಿದ್ನಿ. ಯಾರ ಮೆತ್ಯಾರ, ನಿಮಗೇನರ ಗೊತ್ತೇನ್ರಿ ಅಣ್ಣಾರ?’

‘ಇಲ್ರಿ ಅಕ್ಕಾರ’ ಎಂದೆ.

‘ಮೆತ್ತಿದವರ ಮನಿ ಬಾಗಲಾ ಹಿಂಗ ಮುಚ್ಚಲಿ.’

‘ಹೌದ್ರಿ’ ಎಂದೆ ನಾನು. ಅದಕ್ಕಿಂತ ನಾಚಿಕೆಗೇಡಿನ ಮಾತು ನನ್ನ ಬಾಯಿಂದ ಇನ್ನೂ ಬಂದಿಲ್ಲ.

ಆದರೂ ಆ ಫೋಟೊವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೆ. ರೋಣದವನು ಬಂದು ನೋಡಿ ಸುಮ್ಮನಾದ. ಹಾಕಿದ್ದೇ ಅದಕ್ಕೆ.

ಮಳೆಗಾಲ ಮುಗಿದ ಮೇಲೆ ಆ ಹೆಣ್ಣುಮಗಳೇ ಸ್ಟುಡಿಯೊಗೆ ಬಂದಳು. ಯಾವುದೋ ಅರ್ಜಿಗೆ ಅವಳ ಫೋಟೊ ಬೇಕಿತ್ತಂತೆ. ಸ್ಟೂಲಿನ ಮೇಲೆ ಕೂತವಳು ಗೋಡೆಯನ್ನೇ ನೋಡತೊಡಗಿದಳು. ಹಕ್ಕಿಯ ಹಿಂದಿನ ಕೆಂಪು ದಂಡೆಯಲ್ಲಿ ಅಂಗೈಯಷ್ಟು ಕರಿ ಮಣ್ಣು ಮೆತ್ತಿದ್ದು ಕಾಣುತ್ತದೆ. ಅದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ.

‘ಇತ್ತ ನೋಡ್ರಿ’ ಎಂದೆ. ನೋಡಲಿಲ್ಲ. ಇನ್ನೊಂದು ಸಲ ಹೇಳಿದೆ. ಕೊನೆಗೆ ತಿರುಗಿದಳು, ಕ್ಯಾಮೆರಾವನ್ನು ಬಿಟ್ಟು ನನ್ನನ್ನು ನೋಡಿದಳು.

‘ಹುಳಾ ಇನ್ನೂ ಬಾಯಾಗ ಐತಲ್ರಿ, ಅಣ್ಣಾರ.’

ನಾನು ಬಟನ್ ಒತ್ತಿದೆ. ಅವಳು ಫೋಟೊ ಇಸಕೊಂಡು ಹೋದಳು. ಅವಳ ಹಿಂದೆ ಕಾಯುತ್ತಿದ್ದವನು ಅದೇ ಸ್ಟೂಲಿನ ಮೇಲೆ ಕೂತು, ಗೋಡೆಯತ್ತ ಕತ್ತೆತ್ತಿ, ‘ಹ್ಯಾಂಗ ತಗದ್ರಿ ಇದನ್ನ?’ ಎಂದು ಕೇಳಿದ.

‘ತಾಳ್ಮೆ ಬೇಕ್ರಿ’ ಎಂದೆ.