ಪೂಜೆಗೆ ಮುಂಚಿನ ಗುಳಿಗೆ

ಕೈಯ ರಕ್ತನಾಳದಿಂದ ಹೃದಯದವರೆಗೆ ತೆಳುವಾದ ನಳಿಕೆ ತೂರಿಸಿ ನೋಡುವ ಜಾಗಕ್ಕೆ ಕ್ಯಾಥ್ ಲ್ಯಾಬ್ ಎನ್ನುತ್ತಾರೆ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನಾನು ಅಲ್ಲಿಯ ನರ್ಸು. ಸೇರಿದಾಗ ಕೂದಲು ಕಪ್ಪಗಿತ್ತು, ಸೊಂಟ ನೆಟ್ಟಗಿತ್ತು. ಈಗ ಎರಡೂ ಇಲ್ಲ. ಎಕ್ಸ್‌ರೇ ತಾಗದಿರಲೆಂದು ತೊಡುವ ಸೀಸದ ಏಪ್ರನ್ ಹೊತ್ತು ಹೊತ್ತು, ಸಂಜೆ ಗಾಂಧಿನಗರದ ಮನೆ ಮುಟ್ಟಿದರೆ ಚಪ್ಪಲಿ ಬಿಡುವುದಕ್ಕೂ ಬೇಸರ. ಆಗ ಯಾರಾದರೂ ಆರಾಮಿದ್ದೀರಾ ಎಂದು ಕೇಳಿದರೆ ಮೈ ಉರಿಯುತ್ತದೆ.

ಕೆಲಸದಲ್ಲಿ ಅರ್ಧ ಪಾಲು ಹೇಳಿದ್ದನ್ನೇ ಹೇಳುವುದು. ಹೊಟ್ಟೆ ಖಾಲಿ ಇರಲಿ. ಹಲ್ಲಿನ ಸೆಟ್ ತೆಗೆಯಿರಿ, ಉಂಗುರ ತೆಗೆಯಿರಿ, ಉಡಿದಾರ ಬಿಚ್ಚಿರಿ. ಮಣಿಕಟ್ಟು, ತೊಡೆಸಂದು ಬೋಳಿಸಬೇಕು, ನಾಚಿಕೊಳ್ಳಬೇಡಿ. ‘ಹೇಳಿದ್ದೇ ಹೇಳೋ ಕಿಸಬಾಯಿ ದಾಸ’ ಎಂದು ಮನೆಯಲ್ಲಿ ಗಂಡ ಹಂಗಿಸುತ್ತಾನೆ. ಹೇಳಿದರೂ ಕೆಲವರು ಉಪ್ಪಿಟ್ಟು ತಿಂದೇ ಬರುತ್ತಾರೆ. ಕೇಳಿದರೆ, "ಚೂರ ತಿಂದೀನ್ರಿ."

ಕುರುಗೋಡಿನಿಂದ ಬಂದಿದ್ದ ಒಬ್ಬ ಅಜ್ಜ ಅಂಥವರಲ್ಲ. ನಾಲ್ಕು ಹೆಜ್ಜೆ ನಡೆದರೆ ಎದೆ ಹಿಂಡುತ್ತಿತ್ತು, ಇಲ್ಲೇ ಬ್ರೂಸ್‌ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಮಗ ಹಿಂದಿನ ಸಂಜೆ ತಂದು ಸೇರಿಸಿದ್ದ. ಬ್ಲಾಕ್ ಕಂಡರೆ ಕೂಡಲೇ ನಾಳ ತೆರೆದಿಡುವ ಸ್ಟೆಂಟ್ ಹಾಕುವುದೆಂದು ಮಾತಾಗಿತ್ತು. ಬೆಳಗ್ಗೆ ನಾನು ಗುಳಿಗೆ ಕೈಗಿಟ್ಟು, ಗುಟುಕು ನೀರಲ್ಲಿ ನುಂಗಿರಿ ಎಂದು ಹೇಳಿ ಪಕ್ಕದ ಹಾಸಿಗೆಗೆ ತಿರುಗಿದೆ. ತಿರುಗಿ ಬಂದು ಕೇಳಿದಾಗ "ಆತವ್ವ" ಎಂದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳು ಅವು. ಅವಿಲ್ಲದೆ ಸ್ಟೆಂಟ್ ಕೂರಿಸಿದರೆ ಅದರೊಳಗೇ ರಕ್ತ ಗಟ್ಟಿಯಾಗಿ, ತೆರೆದ ನಾಳ ಮತ್ತೆ ಮುಚ್ಚಿಕೊಂಡು ಜೀವಕ್ಕೇ ಕುತ್ತು ಬರಬಹುದು.

ಒಳಗೆ ಒಯ್ಯುವ ಮುಂಚೆ ಕೊರಳಿನ ಲಿಂಗಕ್ಕೆ ಕೈ ಹಾಕಿದೆ. ಲಿಂಗವಿಡುವ ಬೆಳ್ಳಿಯ ಕರಡಿಗೆ ಎದೆಯ ಮೇಲಿದ್ದರೆ ಪರದೆಯಲ್ಲಿ ಹೃದಯಕ್ಕೆ ಅಡ್ಡ ಬರುತ್ತದೆ. ಹಾಗಂತ ಲಿಂಗ ಮೈ ಬಿಟ್ಟು ಇರುವಂತಿಲ್ಲ. ಇದಕ್ಕೆ ನಮ್ಮಲ್ಲಿ ಜಗಳವಿಲ್ಲ. ಕರಡಿಗೆ ಮಗನ ಕೈಗೆ, ಲಿಂಗ ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ. ಗಂಟು ಬಿಗಿಯುತ್ತಾ ಅಜ್ಜನ ಮುಖ ನೋಡಿದೆ. ಹಣೆ ಬರಿದಾಗಿತ್ತು.

"ಅಜ್ಜಾರ, ಪೂಜಿ ಆಗಿಲ್ಲೇನ್ರಿ?"

"ಎಲ್ಲಿ ಪೂಜಿ ಯವ್ವಾ. ಜಳಕ ಇಲ್ಲ, ಏನಿಲ್ಲ."

ನನ್ನ ತವರು ಸಿರುಗುಪ್ಪ. ಅಲ್ಲಿ ನಮ್ಮಪ್ಪ ಲಿಂಗಪೂಜೆ ಮುಗಿಯುವವರೆಗೆ ಒಂದು ಹನಿ ನೀರು ಬಾಯಿಗೆ ಹಾಕುತ್ತಿರಲಿಲ್ಲ. ಜ್ವರ ಬಂದರೂ ಅಷ್ಟೇ.

"ಹಂಗಾದ್ರ ಗುಳಿಗಿ?"

ಅಜ್ಜ ಸೂರು ನೋಡಿದರು. "ದಿಂಬಿನ ಕೆಳಗ ಅದಾವು. ಪೂಜಿ ಆಗಲಾರದ ಬಾಯಾಗ ಹೆಂಗ ಹಾಕ್ಕೊಳ್ಲಿ?"

ಬಾಗಿಲಲ್ಲಿದ್ದ ಮಗ ತಲೆ ತಲೆ ಬಡಿದುಕೊಂಡ. "ದೇವರೇನು ಓಡಿ ಹೊಕ್ಕಾನೇನಪಾ? ಮದ್ಲ ನುಂಗು." ಅಜ್ಜ ತುಟಿ ಬಿಗಿದು ಮಲಗಿದರು. ಡಾಕ್ಟರು ಬಂದು ಕೇಳಿಸಿಕೊಂಡು, "ಪೂಜಿ ಮಾಡಿಸಿ ಗುಳಿಗಿ ಕೊಡ್ರಿ. ಅದು ಕೆಲಸ ಮಾಡಾಕ ಟೈಮ್ ಬೇಕು, ಅಲ್ಲೀತನ ಬ್ಯಾರೆ ಕೇಸ್ ತಗೋಳೋಣ" ಎಂದರು. ಎಲ್ಲ ತಯಾರಿ ಮಾಡಿಟ್ಟಿದ್ದೆ. ಈಗ ಇವರನ್ನು ಹೊರಗೊಯ್ದು, ಮತ್ತೊಬ್ಬರನ್ನು ಮೊದಲಿಂದ ಅಣಿಮಾಡಬೇಕು. ನನಗೆ ಅಳು ಬರುವಷ್ಟು ಸಾಕಾಯಿತು.

ಮಗ ಎಲ್ಲಿಂದಲೋ ವಿಭೂತಿ ತಂದ. ನಾನು ಬಿಸಿನೀರಲ್ಲಿ ಬಟ್ಟೆ ಅದ್ದಿ ಅಜ್ಜನ ಮುಖ, ಕೈ, ಬೆನ್ನು ಒರೆಸಿದೆ. ಎಡಗೈಗೆ ಸೂಜಿ ಚುಚ್ಚಿ ಟೇಪು ಅಂಟಿಸಿದ್ದೆವು. ಆ ಅಂಗೈಯಲ್ಲೇ ಲಿಂಗ ಇಟ್ಟುಕೊಂಡು, ಸ್ಟ್ರೆಚರಿನ ಮೇಲೆ ಎದ್ದು ಕೂತು ಅಜ್ಜ ಕಣ್ಣು ಮುಚ್ಚಿದರು. ಮುಗಿದ ಮೇಲೆ ತಾವೇ ಬಾಯಿ ತೆರೆದರು. ಗುಳಿಗೆ ಒಂದೊಂದಾಗಿ ಇಳಿಯುವವರೆಗೆ ನಾನು ಅವರ ಗಂಟಲನ್ನೇ ನೋಡುತ್ತಾ ನಿಂತಿದ್ದೆ.

ಮಧ್ಯಾಹ್ನ ಅಜ್ಜನನ್ನು ಒಳಗೊಯ್ದೆವು. ದೊಡ್ಡ ನಾಳವೊಂದು ಮುಚ್ಚಿಹೋಗುವುದರಲ್ಲಿತ್ತು, ಸ್ಟೆಂಟ್ ಸರಿಯಾಗಿ ಕೂತಿತು. ಬಣ್ಣದ ಔಷಧಿ ಬಿಟ್ಟಾಗ ಪರದೆಯ ಮೇಲೆ ರಕ್ತ ತುದಿಯವರೆಗೆ ಹರಿದದ್ದನ್ನು ನಾನೂ ನೋಡಿದೆ.

ಅಲ್ಲಿಯವರೆಗೆ ತಡೆದಿದ್ದ ಸಿಟ್ಟು ಸಂಜೆ, ರಕ್ತ ನಿಲ್ಲಲೆಂದು ಅವರ ಮಣಿಕಟ್ಟಿಗೆ ಬಿಗಿದಿದ್ದ ಬ್ಯಾಂಡ್ ಸಡಿಲಿಸುವಾಗ ಹೊರಬಂತು. "ಪೂಜಿ ಆಗಬೇಕು ಅಂತ ಒಂದು ಮಾತು ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನೇನ್ರಿ? ಸುಳ್ಳ ಯಾಕ ಹೇಳಿದ್ರಿ? ಅಲ್ಲೇ ಜೀವ ಹೋಗಿದ್ರ ಯಾರು ಜವಾಬ್ದಾರಿ?"

ಅಜ್ಜ ನಿಧಾನಕ್ಕೆ ನನ್ನ ಕೈ ಮೇಲೆ ಕೈ ಇಟ್ಟರು.

"ಬೈಬ್ಯಾಡ ಯವ್ವಾ. ಕೇಳ್ಬೇಕಂತಾನ ಇದ್ದೆ. ನಿನ್ನ ಮಾರಿ ನೋಡಿದೆ. ಪಾಪ, ರಾತ್ರೆಲ್ಲಾ ದುಡುದು ಸೋತು ಹೋಗ್ಯಾಳ, ಇಕಿಗೆ ಮತ್ತ ಯಾಕ ತ್ರಾಸು ಕೊಡೋದು ಅಂತ ಆತು ಅಂದುಬಿಟ್ಟೆ."

ಹಿಂದಿನ ದಿನ ನನಗೆ ರಜೆ ಇತ್ತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಗ್ಗೆ ಆಗಷ್ಟೇ ಚಹಾ ಕುಡಿದು ಅವರ ಹಾಸಿಗೆಯ ಹತ್ತಿರ ಬಂದಿದ್ದೆ.