ಎಸ್ತೇರಮ್ಮನ ಬೆಚ್ಚನೆಯ ಕೈ

ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಎಸ್ತೇರಮ್ಮ ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. "ತಣ್ಣನ ಕೈ ಇಟ್ರ ಒಳಗಿನ ಕೂಸು ಬೆಚ್ಚಿಬೀಳ್ತದ" ಎನ್ನುವಳು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಮಾನ್ವಿಯ ಮಿಷನ್ ದವಾಖಾನೆಯ ಸೂಲಗಿತ್ತಿ ಅವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ನಾನು ಅಲ್ಲಿನ ಪಾದ್ರಿಯ ಹೆಂಡತಿ. ಓಣಿಯಲ್ಲಿ ನಾನು ಹಾದುಹೋದರೆ ಹೆಂಗಸರು ಸೆರಗು ಸರಿಪಡಿಸಿಕೊಂಡು ಸುಮ್ಮನಾಗುತ್ತಿದ್ದರು. ಅವಳು ಬಂದರೆ "ಬಾ ಯವ್ವಾ" ಎಂದು ಚಾಪೆ ಹಾಸುತ್ತಿದ್ದರು. ನನಗದು ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಒಂದು ಮುಂಜಾನೆ ಹಿರೇಕೊಟ್ನೆಕಲ್ಲಿನ ಸಂತಮ್ಮನನ್ನು ಗಾಡಿಯಲ್ಲಿ ತಂದರು. ಮನೆ ತುಂಬ ಮಕ್ಕಳ ತಾಯಿ, ಮತ್ತೆ ಬಸುರಿ. ರಕ್ತ ನಿಲ್ಲುತ್ತಿರಲಿಲ್ಲ, ಮೈ ಸುಡುತ್ತಿತ್ತು. ರಾಯಚೂರಿಗೆ ಒಯ್ದು ಡಾಕ್ಟರರಿಂದ ಬಸಿರು ತೆಗೆಸದಿದ್ದರೆ ಉಳಿಯುವುದಿಲ್ಲ ಎಂದಳು ಎಸ್ತೇರಮ್ಮ. ಸಂತಮ್ಮನ ಗಂಡ ದಾವಿದಪ್ಪ ನಮ್ಮ ಮನೆಗೆ ಓಡಿ ಬಂದ.

"ಅಯ್ಯನೋರೆ, ಕೂಸು ಇನ್ನಾ ಮಿಸುಕಾಡಾಕತ್ತದ. ನೀವು ಹೂಂ ಅನ್ನದ ನಾ ಒಯ್ಯಂಗಿಲ್ಲ."

ನನ್ನ ಗಂಡ ಸತ್ಯವೇದ ತೆರೆದರು. ತಾಯಿಯ ಗರ್ಭದಲ್ಲಿ ನಮ್ಮನ್ನು ನೇಯುವವನು ದೇವರೇ ಎನ್ನುವ ಕೀರ್ತನೆಯ ಪುಟ. "ಆತ ನೇಯ್ದದ್ದು ನಾ ಹ್ಯಾಂಗ ಹರೀಲಿ?" ಎಂದರು.

ದಾವಿದಪ್ಪನ ಹಿಂದೆಯೇ ಬಂದ ಎಸ್ತೇರಮ್ಮ ಬಾಗಿಲಲ್ಲಿ ನಿಂತಿದ್ದಳು. "ಸಂತಮ್ಮನ್ನ ಯಾರು ನೇಯ್ದಾರ್ರೀ ಅಯ್ಯನೋರೆ? ಆಕಿನೂ ಒಬ್ಬ ತಾಯಿ ಹೊಟ್ಟ್ಯಾಗಿಂದ ಬಂದಾಕಿ ಅಲ್ರೀ? ಕೂಸಿನ ಸಲುವಾಗಿ ನಾನೂ ಅಳ್ತೀನ್ರಿ. ತಡಾ ಮಾಡಿದ್ರ ಇಬ್ರೂ ಹೋಗ್ತಾರ."

ನನ್ನ ಗಂಡ ಸತ್ಯವೇದ ಮುಚ್ಚಿಟ್ಟು ಎದ್ದರು. "ಗಾಡಿ ಹೂಡ್ರಿ" ಎಂದು ತಾವೂ ಹತ್ತಿದರು. ಎಸ್ತೇರಮ್ಮನ ಪಕ್ಕಕ್ಕೆ.

ರಾಯಚೂರಿನಲ್ಲಿ ಬಸಿರು ತೆಗೆದರು, ಸಂತಮ್ಮ ಬದುಕಿದಳು. ಚರ್ಚಿನ ಸಭೆಯ ಹಿರಿಯರು ಮಾತ್ರ ಎಸ್ತೇರಮ್ಮನನ್ನು ಕೊಲೆಗಾರ್ತಿ ಎಂದರು. ಭಾನುವಾರ ನನ್ನ ಗಂಡ ಪೀಠದಿಂದ ಅವಳ ಮಾತನ್ನೇ ಎತ್ತಿ ಹೇಳಿ, "ಅವತ್ತು ದೇವರು ಎಸ್ತೇರಮ್ಮನ ಬಾಯಿಂದ ನನ್ನ ಕೂಡ ಮಾತಾಡಿದ" ಎಂದರು. ಮದುವೆಯಾದಾಗಿನಿಂದ ನಾನೂ ಎಷ್ಟೋ ಮಾತಾಡಿದ್ದೆ. ನನ್ನದೊಂದೂ ಪೀಠ ಹತ್ತಿರಲಿಲ್ಲ.

ಹಿರಿಯರು ಪಟ್ಟು ಬಿಡಲಿಲ್ಲ. ಮಿಷನ್‌ನವರು ಅವಳನ್ನು ದೇವದುರ್ಗಕ್ಕೆ ಕಳಿಸಿದರು. ಹೊರಡುವ ದಿನ ಸಂತಮ್ಮ ಗಾಡಿಯ ಗಾಲಿ ಹಿಡಿದು ಅತ್ತಳು. ನಾನು ರೊಟ್ಟಿಯ ಬುತ್ತಿ ಕೊಟ್ಟೆ; ಒಳಗೊಳಗೇ ಮನಸ್ಸು ಹಗುರಾಗಿತ್ತು. ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಎಸ್ತೇರಮ್ಮ ಮೆಲ್ಲಗೆ ಹೇಳಿದಳು: "ಅಮ್ಮಾರ, ಅಯ್ಯನೋರಿಗೆ ಚಳಿಗಾಲದಾಗ ನಸಕಿನ್ಯಾಗ ಕೆಮ್ಮು ಏಳ್ತದ. ಶುಂಠಿ ಕಾಸಿ ಕೊಡ್ರಿ."

ಮತ್ತೆ ಅವಳನ್ನು ನೋಡಲಿಲ್ಲ, ದೇವದುರ್ಗದಲ್ಲೇ ತೀರಿಕೊಂಡಳಂತೆ. ಆ ಕೆಮ್ಮು ಅವಳಿಗೆ ಹೇಗೆ ಗೊತ್ತಾಯಿತೆಂದು ನನ್ನ ಗಂಡನನ್ನು, ಅವರು ಬದುಕಿದ್ದ ತನಕ, ಕೇಳಲಾಗಲಿಲ್ಲ. ಚಳಿಗಾಲ ಬಂದರೆ ಶುಂಠಿ ಮಾತ್ರ ಕಾಸಿ ಕೊಡುತ್ತಿದ್ದೆ.